ಹದಿನೆಂಟರ ಕೈಯಲ್ಲಿ ಲಯ

ಜಾಝ್ ಡ್ರಮ್ಮಿಗೆ ಹೊಸ ನಡೆ ಕಲಿಸಿದ ಟೋನಿ ವಿಲಿಯಮ್ಸ್‌ನ ಮೊದಲ ಒಂದೂವರೆ ವರ್ಷದ ಧ್ವನಿಮುದ್ರಣಗಳು

1964ರ ಫೆಬ್ರುವರಿ 12. ನ್ಯೂಯಾರ್ಕಿನ ಲಿಂಕನ್ ಸೆಂಟರ್‌ನ ಆಗಿನ ಫಿಲ್‌ಹಾರ್ಮೊನಿಕ್ ಹಾಲ್‌ನಲ್ಲಿ ಮೈಲ್ಸ್ ಡೇವಿಸ್ ಅವರ ಕಛೇರಿ. ಮಿಸಿಸಿಪಿ, ಲೂಸಿಯಾನಾ ರಾಜ್ಯಗಳ ಕಪ್ಪು ಜನರನ್ನು ಮತದಾರರ ಪಟ್ಟಿಗೆ ಸೇರಿಸುವ ಹೋರಾಟಕ್ಕೆ ಹಣ ಕೂಡಿಸಲು ಏರ್ಪಡಿಸಿದ್ದು. ಮೈಲ್ಸ್ ಅವರ ಟ್ರಂಪೆಟ್ ಆ ಹೊತ್ತಿಗೆ ಲೋಕಪ್ರಸಿದ್ಧ. ಅವರ ಹಿಂದೆ ಡ್ರಮ್ ಸೆಟ್ಟಿಗೆ ಕೂತಿದ್ದ ಟೋನಿ ವಿಲಿಯಮ್ಸ್‌ಗೆ ಹದಿನೆಂಟು ತುಂಬಿ ಎರಡು ತಿಂಗಳಾಗಿತ್ತು, ಅಷ್ಟೆ.

ಆ ರಾತ್ರಿ ನುಡಿಸಿದ ವೇಗದ ಕೃತಿಗಳು ‘ಫೋರ್ ಅಂಡ್ ಮೋರ್’ ಎಂಬ ರೆಕಾರ್ಡಿನಲ್ಲಿ ಉಳಿದಿವೆ. ಹಂಚಿನ ಮಾಡಿನ ಮೇಲೆ ಬಿರುಮಳೆ ಸುರಿದ ಹಾಗೆ ಸಿಂಬಲ್ ಸದ್ದು. ಆದರೆ ಒಂದೊಂದು ಹನಿಯೂ ಬೇರೆಬೇರೆಯಾಗಿ ಕೇಳುತ್ತದೆ. ಜಾಝ್ ಎಂದರೆ ಏನೆಂದು ತಿಳಿಯದವರಿಗೂ ನಾನು ಮೊದಲು ಕೇಳಿಸುವುದು ಇದನ್ನೇ.

ಟೋನಿ ಹುಟ್ಟಿದ್ದು 1945ರ ಡಿಸೆಂಬರ್ 12ರಂದು, ಶಿಕಾಗೋದಲ್ಲಿ. ಬೆಳೆದದ್ದು ಬಾಸ್ಟನ್‌ನಲ್ಲಿ. ತಂದೆ ಟಿಲ್‌ಮನ್ ವಿಲಿಯಮ್ಸ್ ಸ್ಯಾಕ್ಸೊಫೋನ್ ವಾದಕರು. ಎಳೆಯ ಮಗನನ್ನು ತಾವು ನುಡಿಸುವ ಕ್ಲಬ್ಬುಗಳಿಗೆ ಕರೆದೊಯ್ಯುತ್ತಿದ್ದರು. ಹುಡುಗನ ಕೈ ಕಂಡವರು ಅವನನ್ನೂ ಕೂರಿಸಿ ನುಡಿಸಲು ಬಿಡುತ್ತಿದ್ದರು. ಆಮೇಲೆ ಸಿಕ್ಕ ಗುರು ಆಲನ್ ಡಾಸನ್. ಬರ್ಕ್ಲೀ ಸಂಗೀತ ಶಾಲೆಯಲ್ಲಿ ಕಲಿಸುತ್ತಿದ್ದ ಡಾಸನ್ ಅವರ ಪಾಠಕ್ರಮ ನಮ್ಮ ಮೃದಂಗ ವಿದ್ವಾಂಸರಿಗೆ ಮೆಚ್ಚುಗೆಯಾಗುವಂಥದ್ದು. ಮೂಲಪಾಠಗಳ ಸಾಧಕ ಒಂದು ಕಡೆ. ಇನ್ನೊಂದು ಕಡೆ, ಶಿಷ್ಯರು ಕೈಯಲ್ಲಿ ಡ್ರಮ್ ನುಡಿಸುತ್ತಲೇ ಬಾಯಲ್ಲಿ ಹಾಡಿನ ಧಾಟಿಯನ್ನು ಹಾಡಬೇಕು. ಕೃತಿ ಗೊತ್ತಿಲ್ಲದವನು ಪಕ್ಕವಾದ್ಯ ನುಡಿಸಲಾರ ಎಂಬ ಮಾತು ಅಲ್ಲೂ ನಿಜವೇ.

ಜತೆಗೆ ಟೋನಿ ತಾನೇ ಹಾಕಿಕೊಂಡ ಪಾಠ ಇನ್ನೊಂದಿತ್ತು. ಹಿರಿಯ ಡ್ರಮ್ಮರ್‌ಗಳಾದ ಮ್ಯಾಕ್ಸ್ ರೋಚ್, ಆರ್ಟ್ ಬ್ಲೇಕಿ, ಫಿಲ್ಲಿ ಜೋ ಜೋನ್ಸ್ ಇವರ ವಾದನವನ್ನು ಒಬ್ಬೊಬ್ಬರದಾಗಿ ಕೇಳಿ, ಅವರಂತೆಯೇ ನುಡಿಸಲು ಬರುವವರೆಗೂ ಕಲಿತ. ತನ್ನದೇ ದನಿ ಎಂಬುದು ಅನುಕರಣೆಗೆ ಹೆದರಿ ದೂರ ನಿಂತವರಿಗೆ ದಕ್ಕುವುದಿಲ್ಲ. ಈ ಹುಡುಗ ಹಿರಿಯರ ದನಿಗಳನ್ನೆಲ್ಲ ಹೊಟ್ಟೆಗೆ ಹಾಕಿಕೊಂಡ. ತನ್ನದು ಅಲ್ಲಿಂದ ಮೊಳೆಯಿತು.

ಸ್ಯಾಕ್ಸೊಫೋನ್ ವಾದಕ ಜಾಕಿ ಮೆಕ್ಲೀನ್ ಬಾಸ್ಟನ್‌ನಲ್ಲಿ ಇವನನ್ನು ಕೇಳಿ ನ್ಯೂಯಾರ್ಕಿಗೆ ಕರೆಸಿಕೊಂಡರು. 1963ರ ಫೆಬ್ರುವರಿ 11ರಂದು ಮೆಕ್ಲೀನ್ ತಂಡದ ಜತೆ ಬ್ಲೂ ನೋಟ್ ಕಂಪನಿಗಾಗಿ ಟೋನಿ ನುಡಿಸಿದ. ವಯಸ್ಸು ಹದಿನೇಳು. ಆ ದಿನದ ಸಂಗೀತ ‘ವರ್ಟಿಗೊ’ ಎಂಬ ಹೆಸರಿನಲ್ಲಿ ಬಹಳ ವರ್ಷಗಳ ನಂತರ ಹೊರಬಂತು. ಏಪ್ರಿಲ್ 1ಕ್ಕೆ ಕೆನ್ನಿ ಡೋರಮ್ ಅವರ ‘ಉನಾ ಮಾಸ್’, ಅದೇ ತಿಂಗಳ 30ಕ್ಕೆ ಮೆಕ್ಲೀನ್ ಅವರ ‘ಒನ್ ಸ್ಟೆಪ್ ಬಿಯಾಂಡ್’. ಮೇ 14ಕ್ಕೆ ಮೈಲ್ಸ್ ಡೇವಿಸ್ ಅವರ ‘ಸೆವೆನ್ ಸ್ಟೆಪ್ಸ್ ಟು ಹೆವನ್’. ಮೂರೇ ತಿಂಗಳಲ್ಲಿ ಹುಡುಗ ಆ ಕಾಲದ ಅತಿ ದೊಡ್ಡ ಜಾಝ್ ತಂಡದೊಳಗಿದ್ದ. ಮದ್ಯ ಮಾರುವ ಕ್ಲಬ್ಬುಗಳಲ್ಲಿ ನುಡಿಸಲು ಅವನ ವಯಸ್ಸೇ ಅಡ್ಡಿಯಾಗುತ್ತಿತ್ತು.

ಅವನು ಮಾಡಿದ್ದಾದರೂ ಏನು? ಡ್ರಮ್ ಸೆಟ್ಟಿನಲ್ಲಿ ಎರಡು ಕೈ, ಎರಡು ಕಾಲಿಗೂ ಕೆಲಸ. ಬಲಗೈ ದೊಡ್ಡ ರೈಡ್ ಸಿಂಬಲ್ ಮೇಲೆ ‘ಟಿಂಗ್, ಟಿಂಗ್-ಕಿ-ಟಿಂಗ್’ ಎಂದು ನಡೆಯನ್ನು ಹಿಡಿದಿಡುತ್ತದೆ. ಎಡಗಾಲು ಹೈ-ಹ್ಯಾಟ್ ಎಂಬ ಜೋಡಿ ತಾಳವನ್ನು ಎರಡನೇ ಮತ್ತು ನಾಲ್ಕನೇ ಮಾತ್ರೆಗೆ ಮುಚ್ಚುತ್ತದೆ. ಎಡಗೈಯ ಸ್ನೇರ್, ಬಲಗಾಲಿನ ಬಾಸ್ ಡ್ರಮ್ ನಡುನಡುವೆ ಮಾತು ಸೇರಿಸುತ್ತವೆ. ಟೋನಿ ಈ ಕಟ್ಟನ್ನು ಬಿಚ್ಚಿದ. ರೈಡ್ ಸಿಂಬಲ್‌ನ ನಡೆಯನ್ನು ಮುರಿದು ಹೊಸದಾಗಿ ಹೆಣೆದ. ಹೈ-ಹ್ಯಾಟನ್ನು ಕೆಲವೊಮ್ಮೆ ನಾಲ್ಕೂ ಮಾತ್ರೆಗೆ ತುಳಿದ, ಕೆಲವೊಮ್ಮೆ ಪೂರ್ತಿ ಸುಮ್ಮನಾಗಿಸಿದ. ಒಂದು ಲಯದ ಒಳಗೇ ಇನ್ನೊಂದು ಕಾಲವನ್ನು ಎಬ್ಬಿಸಿ, ತಂಡ ಎಲ್ಲಿ ಜಾರೀತೋ ಎನ್ನುವಷ್ಟರಲ್ಲಿ ಸಮಕ್ಕೆ ತಂದು ನಿಲ್ಲಿಸಿದ. ನಮ್ಮ ಕಛೇರಿಗಳಲ್ಲಿ ತನಿ ಆವರ್ತನದ ಹೊತ್ತಿಗೆ ತಾಳ ಹಾಕುತ್ತ ಕೂತವರಿಗೆ ಈ ರೋಮಾಂಚನ ಹೊಸದಲ್ಲ. ಇಲ್ಲಿ ತನಿಗಾಗಿ ಕಾಯಬೇಕಿಲ್ಲ, ಬೇರೆಯವರು ನುಡಿಸುತ್ತಿರುವಾಗಲೇ ಅದು ನಡೆಯುತ್ತಿರುತ್ತದೆ.

ಆ ಸ್ವಾತಂತ್ರ್ಯ ನಿಂತದ್ದು ಕಿವಿಯ ಮೇಲೆ. ಮೈಲ್ಸ್ ತಂಡದಲ್ಲಿ ಅವನ ಜತೆ ಪಿಯಾನೊದಲ್ಲಿ ಹರ್ಬಿ ಹ್ಯಾನ್‌ಕಾಕ್, ಬಾಸ್‌ನಲ್ಲಿ ರಾನ್ ಕಾರ್ಟರ್. ಮೂವರೂ ಒಬ್ಬರನ್ನೊಬ್ಬರು ಎಷ್ಟು ಹತ್ತಿರದಿಂದ ಕೇಳಿಸಿಕೊಳ್ಳುತ್ತಿದ್ದರೆಂದರೆ, ಒಬ್ಬರು ಎತ್ತಿದ ಪ್ರಶ್ನೆಗೆ ಇನ್ನೊಬ್ಬರ ಉತ್ತರ ಅದೇ ಆವರ್ತದಲ್ಲಿ ಸಿಗುತ್ತಿತ್ತು. ಅದೇ ಫಿಲ್‌ಹಾರ್ಮೊನಿಕ್ ರಾತ್ರಿಯ ನಿಧಾನದ ಕೃತಿಗಳಿರುವ ‘ಮೈ ಫನ್ನಿ ವ್ಯಾಲೆಂಟೈನ್’ ಕೇಳಿ. ಬಿರುಮಳೆ ಸುರಿಸಿದ ಕೈಗಳೇ ಇಲ್ಲಿ ಎಷ್ಟೋ ಹೊತ್ತು ಬರಿದೇ ಕಾಯುತ್ತವೆ.

ಆ ಕಛೇರಿಯಾದ 13 ದಿನಕ್ಕೆ ಎರಿಕ್ ಡಾಲ್ಫಿ ಅವರ ‘ಔಟ್ ಟು ಲಂಚ್’ ಮುದ್ರಣವಾಯಿತು. ಪಿಯಾನಿಸ್ಟ್ ಥೆಲೋನಿಯಸ್ ಮಂಕ್ ಅವರನ್ನು ನೆನೆದು ಕಟ್ಟಿದ ‘ಹ್ಯಾಟ್ ಅಂಡ್ ಬಿಯರ್ಡ್’ ಇದರ ಮೊದಲ ಕೃತಿ. ಅದರ ಬಾಸ್ ಐದು ಮತ್ತು ನಾಲ್ಕು ಸೇರಿ ಒಂಬತ್ತು ಮಾತ್ರೆಯಲ್ಲಿ ಹೆಜ್ಜೆ ಹಾಕುತ್ತದೆ. ಟೋನಿ ಆ ಲೆಕ್ಕವನ್ನು ಒತ್ತಿ ತೋರಿಸದೆ, ಅದರ ಸುತ್ತ ಜಾಗ ಬಿಡುತ್ತ ಹೋಗುತ್ತಾನೆ. ಅದೇ ವರ್ಷ ಜೂನ್‌ನಲ್ಲಿ ಡಾಲ್ಫಿ ಬರ್ಲಿನ್‌ನಲ್ಲಿ ತೀರಿಕೊಂಡರು. ಮಾರ್ಚ್‌ನಲ್ಲಿ ಆಂಡ್ರ್ಯೂ ಹಿಲ್ ಅವರ ‘ಪಾಯಿಂಟ್ ಆಫ್ ಡಿಪಾರ್ಚರ್’, ಜೂನ್‌ನಲ್ಲಿ ಹ್ಯಾನ್‌ಕಾಕ್ ಅವರ ‘ಎಂಪೀರಿಯನ್ ಐಲ್ಸ್’. ಒಂದರ ಲಯ ಇನ್ನೊಂದರಲ್ಲಿಲ್ಲ. ನಾಯಕರ ಕಲ್ಪನೆಗೆ ತಕ್ಕಂತೆ ಹುಡುಗನ ಕೈಯೂ ಬೇರೆಯಾಗುತ್ತಿತ್ತು.

1964ರ ಆಗಸ್ಟ್‌ನಲ್ಲಿ ಸ್ವಂತದ ಸರದಿ ಬಂತು. ರೆಕಾರ್ಡಿನ ಹೆಸರು ‘ಲೈಫ್ ಟೈಮ್’. ಕೃತಿಗಳೆಲ್ಲ ಅವನವೇ. ಬಾಸ್ಟನ್‌ನಲ್ಲಿ ತನ್ನನ್ನು ಜತೆಗೆ ಕೂರಿಸಿಕೊಂಡು ನುಡಿಸಿದ್ದ ಸ್ಯಾಮ್ ರಿವರ್ಸ್ ಅವರನ್ನು ಸ್ಯಾಕ್ಸೊಫೋನ್‌ಗೆ ಕರೆದ. ಒಂದು ಕೃತಿಗೆ ಎರಡು ಬಾಸ್ ಇಟ್ಟ. ಇನ್ನೊಂದನ್ನು ಪಿಯಾನೊ, ವೈಬ್ರಾಫೋನ್, ಡ್ರಮ್ ಮೂರರ ಮಾತುಕತೆಗೇ ಬಿಟ್ಟ.

ಮುಂದೆ ಅವನ ಬಾಳು ದೊಡ್ಡದಾಯಿತು. 1967ರ ‘ನೆಫರ್ಟಿಟಿ’ ಎಂಬ ಕೃತಿಯಲ್ಲಿ ಊದುವಾದ್ಯಗಳು ಒಂದೇ ಧಾಟಿಯನ್ನು ಮತ್ತೆಮತ್ತೆ ನುಡಿಸುತ್ತಿದ್ದರೆ ಕೆಳಗೆ ಡ್ರಮ್ ಕಥೆ ಹೇಳುತ್ತದೆ. 1969ರಲ್ಲಿ ಕಟ್ಟಿದ ತಂಡಕ್ಕೆ ಇಟ್ಟದ್ದೂ ‘ಲೈಫ್‌ಟೈಮ್’ ಎಂಬ ಹೆಸರನ್ನೇ. ಅದರ ಗಿಟಾರ್ ವಾದಕ ಜಾನ್ ಮೆಕ್‌ಲಾಫ್ಲಿನ್ ಮುಂದೆ ನಮ್ಮವರೊಂದಿಗೆ ‘ಶಕ್ತಿ’ ತಂಡ ಕಟ್ಟಿದರು. ವಿಲಿಯಮ್ಸ್ ಅವರು 1997ರಲ್ಲಿ, 51ನೇ ವಯಸ್ಸಿನಲ್ಲಿ ತೀರಿಕೊಂಡರು.

ಆದರೆ ನನ್ನ ಮನಸ್ಸು ಮರಳುವುದು ಆ ಮೊದಲ ‘ಲೈಫ್ ಟೈಮ್’ನ ಕೊನೆಯ ಕೃತಿಗೆ. ಅದರಲ್ಲಿ ಇರುವುದು ಪಿಯಾನೊ ಮತ್ತು ಬಾಸ್ ಎರಡೇ. ರಚನೆ ಟೋನಿಯದು, ರೆಕಾರ್ಡಿನ ಮೇಲಿನ ಹೆಸರು ಟೋನಿಯದು, ಡ್ರಮ್ಮಿನ ಒಂದೇ ಒಂದು ಪೆಟ್ಟೂ ಇಲ್ಲ. ಹದಿನೆಂಟು ವರ್ಷದ ಡ್ರಮ್ಮರ್ ತನ್ನ ಮೊದಲ ರೆಕಾರ್ಡನ್ನು ಕೋಲು ಕೆಳಗಿಟ್ಟು, ಗೆಳೆಯರಿಬ್ಬರು ನುಡಿಸುವುದನ್ನು ಕೇಳುತ್ತ ಮುಗಿಸಿದ.