ರಾಯಪುರಂನಲ್ಲಿ ನನ್ನದೊಂದು ಲೇಔಟ್

‘ಲೇಔಟ್ ಮಾಡ್ತಾ ಕೂತಿದ್ದೀನಿ, ರಾತ್ರಿ ಮಾಡ್ತೀನಿ’ ಅಂತ ಹೇಳಿ ಫೋನ್ ಇಟ್ಟೆ. ಐದೇ ನಿಮಿಷ, ದಾವಣಗೆರೆಯಿಂದ ಅಮ್ಮನ ಫೋನ್ ಮತ್ತೆ ಬಂತು. ದನಿಯಲ್ಲಿ ಸಂಭ್ರಮ. ‘ಚೆನ್ನೈನಾಗೆ ಲೇಔಟಾ? ಎಷ್ಟು ಸೈಟು ಬರ್ತಾವೆ? ಒಂದು ಕಾರ್ನರ್ ಸೈಟು ನಿಮ್ಮಕ್ಕಂಗೆ ಇಡಪ್ಪ.’

ನನ್ನ ಲೇಔಟಿನ ಅಳತೆ ಐದು ಸೆಂಟಿಮೀಟರ್‌ಗೆ ಐದು. ಅದರಲ್ಲಿ ಕಾರ್ನರ್ ಸೈಟುಗಳು ನಾಲ್ಕಿವೆ ನಿಜ, ಆದರೆ ಅವುಗಳಲ್ಲಿ ಸ್ಕ್ರೂ ಕೂರುತ್ತದೆ. ಅದು ಗಿಟಾರ್ ಪೆಡಲ್ ಒಳಗೆ ಇಡುವ ಸರ್ಕ್ಯೂಟ್ ಬೋರ್ಡ್. ಗಿಟಾರ್ ಮತ್ತು ಆಂಪ್ಲಿಫೈಯರ್ ನಡುವೆ ನೆಲದ ಮೇಲೆ ಇಟ್ಟು, ಕಾಲಲ್ಲಿ ಒತ್ತಿದರೆ ನಾದ ಬದಲಾಗುವ ಪುಟ್ಟ ಲೋಹದ ಡಬ್ಬಿಯೇ ಪೆಡಲ್. ಅಮ್ಮನಿಗೆ ಇದನ್ನೆಲ್ಲ ವಿವರಿಸಿದ ಮೇಲೆ ಆಕೆ ಕೇಳಿದ್ದು ಒಂದೇ: ‘ಅಂದ್ರೆ ನಿಮ್ಮಪ್ಪನ ಕೆಲಸಾನೇ?’

ಅಪ್ಪ ಮಂಡಿಪೇಟೆ ಹತ್ತಿರದ ಒಂದು ಗಲ್ಲಿಯಲ್ಲಿ 31 ವರ್ಷ ರೇಡಿಯೊ, ಟೇಪ್ ರೆಕಾರ್ಡರ್ ರಿಪೇರಿ ಮಾಡಿದವರು. ಬಿ.ಕಾಂ. ಮುಗಿಸಿದ ವರ್ಷ ‘ಆ ಡಬ್ಬಾ ಅಂಗಡೀಲಿ ನಾನು ಕೂರಲ್ಲ’ ಎಂದಿದ್ದೆ. ಅವರೇನೂ ಅನ್ನಲಿಲ್ಲ. 2011ರಲ್ಲಿ ಬಾಗಿಲು ಹಾಕಿ, ಸಾಮಾನನ್ನೆಲ್ಲ ತೂಕದ ಲೆಕ್ಕದಲ್ಲಿ ಗುಜರಿಗೆ ಕೊಟ್ಟರು. ಆಮೇಲಿನ ನಮ್ಮ ಫೋನ್ ಮಾತುಕತೆ ನಿಮಗೂ ಗೊತ್ತಿರುವಂಥದ್ದೇ: ಊಟ ಆಯ್ತಾ, ಮಳೆ ಬಂತಾ, ತಡಿ ಅಮ್ಮಂಗೆ ಕೊಡ್ತೀನಿ.

ನಾನು ಚೆನ್ನೈ ಬಂದರಿನ ಬಳಿ ಕಸ್ಟಮ್ಸ್ ಕ್ಲಿಯರಿಂಗ್ ಕಚೇರಿಯೊಂದರಲ್ಲಿ ಕಾಗದಪತ್ರ ನೋಡುವವನು. ಕಂಟೈನರ್ ನಂಬರಿನಲ್ಲಿ ಒಂದಂಕಿ ತಪ್ಪಿದರೂ ಸರಕು ನಿಂತಲ್ಲೇ ನಿಲ್ಲುತ್ತದೆ. ಆರು ವರ್ಷದಿಂದ ರಾಯಪುರಂನಲ್ಲಿ ಮಹಡಿ ಮನೆ ಬಾಡಿಗೆಗಿದೆ. ಈ ಹೆಸರು ಕೇಳಿದಾಗ ಯಾವುದೋ ರಾಯರ ಪುರ, ವಿಜಯನಗರದ ಕಾಲದ್ದಿರಬೇಕು ಅಂದುಕೊಂಡಿದ್ದೆ. ಅಲ್ಲ. ಸೇಂಟ್ ಪೀಟರ್‌ಗೆ ತಮಿಳಿನಲ್ಲಿ ರಾಯಪ್ಪರ್ ಎನ್ನುತ್ತಾರೆ, ಊರಿನ ಹೆಸರು ಅವರದ್ದು. 1856ರಲ್ಲಿ ದಕ್ಷಿಣ ಭಾರತದ ಮೊದಲ ಪ್ರಯಾಣಿಕರ ರೈಲು ಹೊರಟದ್ದು ಇಲ್ಲಿಯ ಸ್ಟೇಷನ್ನಿನಿಂದ. ಕಂಬಗಳ ಸಾಲಿನ ಆ ಹಳೆಯ ಕಟ್ಟಡ ಈಗಲೂ ಇದೆ. ಪಕ್ಕದಲ್ಲೇ ಕಾಸಿಮೇಡು ಮೀನು ಬಂದರು. ಬೆಳಗಿನ ಗಾಳಿಯಲ್ಲಿ ಮೀನು, ಡೀಸೆಲ್, ಉಪ್ಪು ಮೂರೂ ಸಮಪಾಲು. ಆ ಉಪ್ಪಿನ ಮಾತು ಮುಂದೆ ಬರುತ್ತದೆ.

ಕಾಲೇಜಿನ ಕಾಲದ ಗಿಟಾರ್ ಒಂದನ್ನು ಊರಿಂದ ತಂದಿದ್ದೆ. ಒಳ್ಳೆಯ ಪೆಡಲ್ ಕೊಳ್ಳಲು ಹೋದರೆ ಬೆಲೆ ಬಾಡಿಗೆಗೆ ಸಮ. ಮನೆಯಲ್ಲೇ ಮಾಡಬಹುದು ಎಂದು ಗೊತ್ತಾದ ಮೇಲೆ ಕೈ ಸುಮ್ಮನಿರಲಿಲ್ಲ. ಮೊದಲು ಆರಿಸಿಕೊಂಡದ್ದು ಎಲ್‌ಪಿಬಿ-1. ಅಮೆರಿಕದ ಎಲೆಕ್ಟ್ರೋ-ಹಾರ್ಮೋನಿಕ್ಸ್ ಕಂಪನಿ 1968ರಲ್ಲಿ ತಂದ ಬೂಸ್ಟರ್ ಅದು. ಒಂದೇ ಟ್ರಾನ್ಸಿಸ್ಟರ್, ನಾಲ್ಕಾರು ರೆಸಿಸ್ಟರ್, ಎರಡು ಕೆಪಾಸಿಟರ್, ಒಂದು ವಾಲ್ಯೂಮ್. ಇಷ್ಟಕ್ಕೆ ಬೋರ್ಡ್ ಬರೆಯಲು ಎಷ್ಟು ಹೊತ್ತು ಅಂದುಕೊಂಡೆ. ಮೂರು ಭಾನುವಾರ ಹೋಯಿತು.

ಕಷ್ಟ ಇರುವುದು ಹೀಗೆ. ಸರ್ಕ್ಯೂಟಿನ ನಕ್ಷೆ ಹೇಳುವುದು ಯಾರಿಗೆ ಯಾರು ನೆಂಟರು ಎಂಬುದನ್ನಷ್ಟೇ. ಯಾರು ಎಲ್ಲಿ ಮನೆ ಕಟ್ಟಬೇಕು, ಯಾರ ಬಾಗಿಲು ಯಾವ ಕಡೆಗಿರಬೇಕು ಎನ್ನುವುದು ಲೇಔಟಿನ ಕೆಲಸ. ಈ ಅರ್ಥದಲ್ಲಿ ಅಮ್ಮ ಹೇಳಿದ್ದು ತಪ್ಪೇನಲ್ಲ. ಒಂದೇ ಮುಖಕ್ಕೆ ತಾಮ್ರ ಇರುವ ಬೋರ್ಡಿನಲ್ಲಿ ಒಂದು ರಸ್ತೆ ಇನ್ನೊಂದನ್ನು ದಾಟುವಂತಿಲ್ಲ. ದಾಟಲೇಬೇಕಾದರೆ ಫ್ಲೈಓವರ್, ಅಂದರೆ ಮೇಲಿಂದ ಒಂದು ತುಂಡು ತಂತಿ. ಗ್ರೌಂಡ್ ಎನ್ನುವುದು ಒಳಚರಂಡಿ. ಎಲ್ಲ ಮನೆಯದೂ ಕೊನೆಗೆ ಅಲ್ಲಿಗೇ ಸೇರಬೇಕು, ಎಲ್ಲಾದರೂ ಕಿರಿದಾಗಿ ಕಟ್ಟಿಕೊಂಡರೆ ಗುಂಯ್ ಎಂಬ ಸದ್ದು ಬರುತ್ತದೆ. ಗಿಟಾರಿನಿಂದ ಒಳಬರುವ ಸಿಗ್ನಲ್ ತೀರಾ ಮೆಲುದನಿಯದು, ಹೊರಹೋಗುವುದು ಅಬ್ಬರದ್ದು. ಇಬ್ಬರನ್ನೂ ಅಕ್ಕಪಕ್ಕದ ಬೀದಿಯಲ್ಲಿಟ್ಟರೆ ಹೊರಗಿನ ಅಬ್ಬರ ಒಳಗೇ ನುಗ್ಗಿ, ಗಿಟಾರ್ ಮುಟ್ಟದೆಯೇ ಪೆಡಲ್ ಕೀ ಎಂದು ಕಿರುಚುತ್ತದೆ.

ಕೀಕ್ಯಾಡ್ ಎಂಬ ಉಚಿತ ತಂತ್ರಾಂಶದಲ್ಲಿ ಬರೆದೆ. 1992ರಲ್ಲಿ ಫ್ರಾನ್ಸಿನ ಜೀನ್-ಪಿಯರ್ ಶಾರಾ ಶುರು ಮಾಡಿದ್ದು, ಆಮೇಲೆ ಸರ್ನ್ ಸಂಸ್ಥೆ ಕೈಜೋಡಿಸಿತು. ನುಣುಪು ಕಾಗದದ ಮೇಲೆ ಲೇಸರ್ ಪ್ರಿಂಟ್ ತೆಗೆಸಿ, ತಾಮ್ರದ ಮೇಲೆ ಬೋರಲು ಹಾಕಿ ಇಸ್ತ್ರಿ ಪೆಟ್ಟಿಗೆ ಉಜ್ಜಿದರೆ ಮಸಿ ತಾಮ್ರಕ್ಕೆ ಹತ್ತುತ್ತದೆ. ಫೆರಿಕ್ ಕ್ಲೋರೈಡ್‌ನಲ್ಲಿ ಅದ್ದಿದರೆ ಮಸಿ ಇಲ್ಲದ ಜಾಗದ ತಾಮ್ರ ಕರಗಿಹೋಗುತ್ತದೆ. ಮೊದಲ ಬೋರ್ಡ್ ಕನ್ನಡಿ ಬಿಂಬವಾಗಿ ಬಂತು. ಕಾಗದ ಬೋರಲು ಬಿದ್ದಾಗಲೇ ಚಿತ್ರ ತಾನಾಗಿ ತಿರುಗುತ್ತದೆ, ನಾನು ಜಾಣತನ ಮಾಡಿ ಕಂಪ್ಯೂಟರಿನಲ್ಲೂ ತಿರುಗಿಸಿದ್ದೆ. ಅಂದಿನಿಂದ ತಾಮ್ರದ ಮೂಲೆಯಲ್ಲಿ ‘ದಾ’ ಎಂದು ಬರೆಯುತ್ತೇನೆ, ದಾವಣಗೆರೆಯ ದಾ. ಅದು ಸರಿಯಾಗಿ ಓದಲು ಬಂದರೆ ಬೋರ್ಡೂ ಸರಿ. ಎರಡನೆಯದು ಸರಿ ಬಂತು, ಆದರೆ ಹದಿನೈದು ದಿನದಲ್ಲಿ ಉಪ್ಪುಗಾಳಿಗೆ ತಾಮ್ರ ಕಪ್ಪಾಗಿ ಬೆಸುಗೆ ಹಿಡಿಯಲಿಲ್ಲ. ಸಮುದ್ರದ ಪಕ್ಕದಲ್ಲಿ ಇರುವವರು ಬೋರ್ಡ್ ತೊಳೆದ ದಿನವೇ ತೆಳುವಾಗಿ ಸೀಸ ಬಳಿದುಬಿಡಬೇಕು. ಇನ್ನು ಬಚ್ಚಲಿನ ನೆಲದ ಮೇಲೆ ಬಿದ್ದ ಫೆರಿಕ್ ಕ್ಲೋರೈಡ್ ಹನಿಗಳ ಹಳದಿ ಕಲೆ ಇವತ್ತಿಗೂ ಹೋಗಿಲ್ಲ. ‘ಎನ್ನ ತಂಬಿ ಇದು?’ ಎಂದು ಮನೆಯೊಡತಿ ಅಮ್ಮ ಕೇಳಿದ್ದಕ್ಕೆ ಸರಿಯಾದ ಉತ್ತರ ಕೊಡಲೂ ಆಗಲಿಲ್ಲ.

ಮೂರನೆಯ ಬೋರ್ಡಿನಲ್ಲಿ ಎಲ್ಲ ಸರಿ ಇತ್ತು. ಸದ್ದೂ ಬಂತು. ಆದರೆ ಬೂಸ್ಟರ್ ಎಂದು ಕರೆಸಿಕೊಂಡದ್ದು ಸದ್ದನ್ನು ಹೆಚ್ಚಿಸುವ ಬದಲು ತಗ್ಗಿಸುತ್ತಿತ್ತು. ಮೂರು ರಾತ್ರಿ ಒಂದೊಂದೇ ಬೆಸುಗೆ ನೋಡಿದೆ. ನಾಲ್ಕನೆಯ ರಾತ್ರಿ, ಅಮ್ಮನ ಜೊತೆ ಮಾತಾಡಿ ಮುಗಿಸುವಾಗ, ‘ಅಪ್ಪಂಗೆ ಕೊಡು’ ಎಂದೆ. ಆ ಕಡೆ ಒಂದು ಕ್ಷಣ ಏನೂ ಸದ್ದಿಲ್ಲ.

‘ಏನಪ್ಪಾ?’

ಹೇಳಿದೆ. ಅಪ್ಪ ಕೇಳಿದ್ದು ಒಂದು ಪ್ರಶ್ನೆ: ‘ನಕ್ಷೆಯಾಗೆ ಯಾವ ಟ್ರಾನ್ಸಿಸ್ಟರ್ ಐತೆ, ನೀನು ಯಾವುದು ಹಾಕಿದ್ದಿ?’ ನಕ್ಷೆಯಲ್ಲಿದ್ದದ್ದು 2ಎನ್5088. ಅಂಗಡಿಯವನು ‘ಎಲ್ಲಾ ಒಂದೇ ಸಾರ್’ ಎಂದು ಕೊಟ್ಟದ್ದು ಬಿಸಿ549. ‘ಅಮೆರಿಕದ್ದು ಎಮಿಟರ್, ಬೇಸ್, ಕಲೆಕ್ಟರ್. ಬಿಸಿ ಅಂದ್ರೆ ಕಲೆಕ್ಟರ್, ಬೇಸ್, ಎಮಿಟರ್. ಬೆನ್ನು ತಿರುಗಿಸಿ ಕೂರಿಸು’ ಎಂದರು. ನಡುವಿನ ಕಾಲು ಎರಡರಲ್ಲೂ ಬೇಸ್, ಅದಕ್ಕೇ ಉಲ್ಟಾ ಕೂತರೂ ಅದು ಅರೆಜೀವದಲ್ಲಿ ಕೆಲಸ ಮಾಡುತ್ತಿತ್ತು. ತಿರುಗಿಸಿ ಹಾಕಿ, ಪೆಡಲ್ ಒತ್ತಿ ಒಂದು ತಂತಿ ಮೀಟಿದೆ. ಕೆಳಗಿನ ಮನೆಯ ನಾಯಿ ಬೊಗಳಿತು. ರಾತ್ರಿ ಹನ್ನೊಂದೂವರೆಗೆ ಅಪ್ಪನಿಗೆ ಫೋನ್ ಮಾಡಿದರೆ ಅವರು ಮಲಗಿರಲಿಲ್ಲ.

ಬೊಗಳಿದ ನಾಯಿಯ ಮನೆಯ ಹುಡುಗನೂ ಗಿಟಾರ್ ನುಡಿಸುತ್ತಾನೆ. ಡಿಸೆಂಬರ್ ಬಂದರೆ ಅವನೂ ಇನ್ನಿಬ್ಬರು ಗೆಳೆಯರೂ ಕ್ರಿಸ್ಮಸ್ ಹಾಡುಗಳಿಗೆ ಬೀದಿ ಬೀದಿ ಸುತ್ತುತ್ತಾರೆ. ‘ಅಣ್ಣಾ, ನಮಗೂ ಮಾಡಿಕೊಡಿ, ಆದರೆ ಫಜ್ ಬೇಕು’ ಎಂದರು. ಒಬ್ಬೊಬ್ಬರು 900 ರೂಪಾಯಿ ಮುಂಗಡ ಕೊಟ್ಟರು. ಇಸಿದುಕೊಂಡೆ. ಈಗ ಯೋಚಿಸಿದರೆ, ಮೂರು ಬೋರ್ಡ್ ಮಾಡಿ ಒಂದನ್ನಷ್ಟೇ ಗೆದ್ದವನು ದುಡ್ಡು ಇಸಿದುಕೊಳ್ಳಬಾರದಿತ್ತು.

ಫಜ್ ಎಂದರೆ ಒಡೆದ ದನಿ. ಅದು ಹುಟ್ಟಿದ್ದೇ ಒಂದು ದೋಷದಿಂದ. ನ್ಯಾಶ್‌ವಿಲ್ ಸ್ಟುಡಿಯೊದಲ್ಲಿ ಮಾರ್ಟಿ ರಾಬಿನ್ಸ್ ಅವರ ಹಾಡೊಂದನ್ನು ಧ್ವನಿಮುದ್ರಿಸುವಾಗ ಮಿಕ್ಸರ್ ಕೆಟ್ಟು ಗಿಟಾರಿನ ಸದ್ದು ಹರಿದುಹೋಯಿತು. ಅದನ್ನು ತೆಗೆಯದೆ ಹಾಗೇ ಬಿಟ್ಟರು, 1961ರಲ್ಲಿ ಹಾಡು ಗೆದ್ದಿತು. ಮರುವರ್ಷ ಅದೇ ಸದ್ದನ್ನು ಮಾಡುವ ಮೇಸ್ಟ್ರೋ ಪೆಡಲ್ ಮಾರುಕಟ್ಟೆಗೆ ಬಂತು. 1966ರಲ್ಲಿ ಲಂಡನ್ನಿನಿಂದ ಬಂದ ದುಂಡು ಡಬ್ಬಿಯ ಫಜ್ ಫೇಸ್ ಅನ್ನು ಜಿಮಿ ಹೆಂಡ್ರಿಕ್ಸ್ ಜಗತ್ತಿಗೆಲ್ಲ ಕೇಳಿಸಿದರು. ಅದರ ಒಳಗಿರುವುದು ಎರಡು ಟ್ರಾನ್ಸಿಸ್ಟರ್, ನಾಲ್ಕು ರೆಸಿಸ್ಟರ್, ಮೂರು ಕೆಪಾಸಿಟರ್, ಎರಡು ಗುಂಡಿ. ಹುಡುಗರಿಗೆ ನಾನು ಬರೆದದ್ದು ಇದೇ.

ಈ ಸಲ ಬೋರ್ಡುಗಳನ್ನು ಕಾರ್ಖಾನೆಯಿಂದಲೇ ಮಾಡಿಸಿದೆ. ಹಸಿರು ಬಣ್ಣ, ಬಿಳಿ ಅಕ್ಷರ, ನೋಡಲು ಥೇಟ್ ಅಂಗಡಿಯದು. ಡಿಸೆಂಬರ್ ಎರಡನೆಯ ವಾರ ಬಂತು, ಎರಡು ರಾತ್ರಿಯಲ್ಲಿ ಮೂರನ್ನೂ ಕಟ್ಟಿದೆ. ಹುಡುಗ ಬಂದು ಒತ್ತಿದ. ಸದ್ದು ಅದ್ಭುತ. ಸ್ವಲ್ಪ ತಗ್ಗಿಸಲೆಂದು ವಾಲ್ಯೂಮನ್ನು ಎಡಕ್ಕೆ ತಿರುಗಿಸಿದ. ಕಿವಿ ಹರಿದುಹೋಗುವಂತೆ ಏರಿತು. ಬಲಕ್ಕೆ ತಿರುಗಿಸಿದರೆ ನಿಶ್ಶಬ್ದ. ಇನ್ನೊಂದು ಗುಂಡಿಯದೂ ಅದೇ ಕಥೆ. ಗುಂಡಿಗಳು ಬೋರ್ಡಿನ ಹಿಂಬದಿಯಲ್ಲಿ ಕೂರುತ್ತವೆ, ನಾನು ಮುಂಬದಿಯಲ್ಲಿ ಕೂರುವಂತೆ ಕಾಲುಗಳನ್ನು ಬರೆದಿದ್ದೆ. ಮತ್ತೆ ಕನ್ನಡಿ! ಮೂಲೆಯ ‘ದಾ’ ಮಾತ್ರ ನೆಟ್ಟಗೆ ಓದಲು ಬರುತ್ತಿತ್ತು.

‘ಅಣ್ಣಾ, ಇದು ಲೆಫ್ಟ್ ಹ್ಯಾಂಡ್ ಮಾಡೆಲ್ಲಾ?’ ಹುಡುಗ ನಿಜವಾಗಿಯೇ ಕೇಳಿದ. ಹೌದು ಎಂದುಬಿಡಲು ನಾಲಿಗೆ ತುದಿಯವರೆಗೂ ಬಂದಿತ್ತು. ‘ತಪ್ಪು ನನ್ನದು, ಭಾನುವಾರದೊಳಗೆ ಸರಿ ಮಾಡ್ತೀನಿ’ ಎಂದೆ. ಆಚೀಚಿನ ಎರಡು ಕಾಲುಗಳ ತಂತಿ ಅದಲುಬದಲು ಮಾಡಿದರೆ ಸಾಕು, ಅಪ್ಪ ಅದನ್ನು ಎರಡು ನಿಮಿಷದ ಕೆಲಸ ಎಂದರು. ಅವರ ಕಾಲದ ರೇಡಿಯೊಗಳಲ್ಲಿ ತಂತಿ ಇರುತ್ತಿತ್ತು. ನಾನು ಅಂದ ನೋಡಿಕೊಂಡು ಗುಂಡಿಗಳನ್ನು ನೇರ ಬೋರ್ಡಿಗೇ ಬೆಸೆದಿದ್ದೆ. ಎರಡನ್ನು ಹೇಗೋ ಬಿಡಿಸಿ ತಂತಿ ಹಾಕಿದೆ. ಮೂರನೆಯದನ್ನು ಬಿಡಿಸುವಾಗ ಬಿಸಿ ಹೆಚ್ಚಾಗಿ, ತೂತಿನ ಸುತ್ತಲಿನ ತಾಮ್ರದ ಬಿಲ್ಲೆಯೇ ಕಿತ್ತು ಕೈಗೆ ಬಂತು. ಆ ಹುಡುಗನಿಗೆ 900 ರೂಪಾಯಿ ವಾಪಸ್ ಕೊಟ್ಟೆ. ಅವನು ಪೆಡಲ್ ಇಲ್ಲದೆಯೇ ಚೆನ್ನಾಗಿ ನುಡಿಸಿದ, ಅದು ಬೇರೆ ಮಾತು.

ಜನವರಿಯಲ್ಲಿ ಊರಿಂದ ಒಂದು ಕೊರಿಯರ್ ಬಂತು. ಹಳೆಯ ತಗಡಿನ ಡಬ್ಬಿ. ಒಳಗೆ ಹತ್ತಿಯಲ್ಲಿ ಸುತ್ತಿದ ಒಂಬತ್ತು ಲೋಹದ ಟ್ರಾನ್ಸಿಸ್ಟರ್‌ಗಳು, ಎಸಿ128, ಮೈಮೇಲೆ ಬಿಇಎಲ್ ಮುದ್ರೆ. ಬೆಂಗಳೂರಿನ ಜಾಲಹಳ್ಳಿಯಲ್ಲಿ 1954ರಲ್ಲಿ ಶುರುವಾದ ಅದೇ ಬಿಇಎಲ್. ನಮ್ಮ ಮನೆಗಳ ಟ್ರಾನ್ಸಿಸ್ಟರ್ ರೇಡಿಯೊಗಳಲ್ಲಿ ಇಂಥವು ದುಡಿದಿವೆ. ಇವು ಸಿಲಿಕಾನ್ ಅಲ್ಲ, ಜರ್ಮೇನಿಯಂ. ಮೊದಲ ಫಜ್ ಫೇಸ್‌ಗಳಲ್ಲಿ ಇದ್ದದ್ದೂ ಜರ್ಮೇನಿಯಂ, ಆ ಮೆದು ದನಿಗಾಗಿ ಈಗಲೂ ಜನ ಎಸಿ128 ಹುಡುಕುತ್ತಾರೆ. ರಿಚ್ಚಿ ಸ್ಟ್ರೀಟ್ ಎಂದರೆ ಚೆನ್ನೈನ ಎಸ್.ಪಿ. ರೋಡ್, ಮೌಂಟ್ ರೋಡಿನ ಬದಿಯ ಆ ಗಲ್ಲಿಗಳಲ್ಲಿ ನಾನು ಎರಡು ಶನಿವಾರ ಇದನ್ನೇ ಕೇಳುತ್ತ ಅಲೆದು ಬರಿಗೈಲಿ ಬಂದಿದ್ದೆ. ಎಲ್ಲವನ್ನೂ ಗುಜರಿಗೆ ಕೊಟ್ಟವರು ಈ ಒಂಬತ್ತನ್ನು ಯಾಕೆ ಇಟ್ಟುಕೊಂಡರೋ ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಎಸಿ128 ಪಿಎನ್‌ಪಿ ಜಾತಿಯದು. ಸಾಮಾನ್ಯ ಪೆಡಲ್‌ಗಳಲ್ಲಿ ಬ್ಯಾಟರಿಯ ಮೈನಸ್ ಗ್ರೌಂಡಿಗೆ ಸೇರಿದರೆ ಇದರಲ್ಲಿ ಪ್ಲಸ್ ಸೇರಬೇಕು. ಹಾಗಾಗಿ ಉಳಿದ ಪೆಡಲ್‌ಗಳ ಅಡಾಪ್ಟರಿಗೆ ಇದನ್ನು ಜೋಡಿಸುವಂತಿಲ್ಲ, ಇದಕ್ಕೇ ಒಂದು 9 ವೋಲ್ಟ್ ಬ್ಯಾಟರಿ. ಹೊಸ ಬೋರ್ಡ್ ಬರೆದೆ, ಗುಂಡಿಗಳ ಕಾಲನ್ನು ಕಾಗದದ ಮೇಲೆ ಪ್ರಿಂಟ್ ತೆಗೆದು, ಸೂಜಿಯಿಂದ ಚುಚ್ಚಿ, ನಿಜವಾದ ಗುಂಡಿ ತೂರಿಸಿ ನೋಡಿದೆ. ಫೆಬ್ರವರಿಯಲ್ಲಿ ಅದು ನುಡಿದಾಗ ಹುಡುಗರು ಮೂವರೂ ಬಂದು ಕೇಳಿದರು.

ಮೇ ತಿಂಗಳಲ್ಲಿ ಕತ್ತಿರಿ ಬಿಸಿಲು ಶುರುವಾಯಿತು. ಬೆಳಗ್ಗೆ ಆರಕ್ಕೆ ಚೆನ್ನಾಗಿ ಹಾಡುವ ಪೆಡಲ್ ಮಧ್ಯಾಹ್ನ ಎರಡಕ್ಕೆ ಕೆಮ್ಮಿ ಕೆಮ್ಮಿ ನಿಲ್ಲುತ್ತಿತ್ತು. ತಪ್ಪು ಮತ್ತೆ ನನ್ನ ಲೇಔಟಿನದೇ ಎಂದುಕೊಂಡು ಅಪ್ಪನಿಗೆ ಹೇಳಿದೆ. ‘ನಿಂದಲ್ಲ. ಜರ್ಮೇನಿಯಂಗೆ ಸೆಕೆ ಆಗಲ್ಲ’ ಎಂದರು. ಸಣ್ಣದೊಂದು ಸೋರಿಕೆ ಕರೆಂಟು ಅದರಲ್ಲಿ ಯಾವಾಗಲೂ ಇರುತ್ತದೆ, ಪ್ರತಿ ಹತ್ತು ಡಿಗ್ರಿಗೆ ಅದು ಹೆಚ್ಚುಕಡಿಮೆ ದುಪ್ಪಟ್ಟಾಗುತ್ತದೆ. ಬೇಸಿಗೆಯಲ್ಲಿ ಅಂಗಡಿಗೆ ಬರುತ್ತಿದ್ದ ಎಷ್ಟೋ ರೇಡಿಯೊಗಳನ್ನು ಅವರು ಒಂದು ರಾತ್ರಿ ಇಟ್ಟುಕೊಂಡು, ಬೆಳಗ್ಗೆ ತಣ್ಣಗಿದ್ದಾಗ ಹಾಡಿಸಿ ತೋರಿಸಿ, ಏನೂ ಇಸಿದುಕೊಳ್ಳದೆ ಕಳಿಸುತ್ತಿದ್ದರಂತೆ. ನನ್ನ ಪೆಡಲಿಗೆ ಅವರು ಹೇಳಿದ ಮದ್ದು: ಎರಡನೆಯ ಟ್ರಾನ್ಸಿಸ್ಟರಿನ ಕಲೆಕ್ಟರಿನಲ್ಲಿ ಕೂತಿರುವ ರೆಸಿಸ್ಟರ್ ಕಿತ್ತು, ಸ್ಕ್ರೂಡ್ರೈವರಿನಿಂದ ತಿರುಗಿಸುವ ಪ್ರೀಸೆಟ್ ಹಾಕಿ, ಸೆಕೆ ನೋಡಿಕೊಂಡು ಕಲೆಕ್ಟರ್ ಅನ್ನು ನಾಲ್ಕೂವರೆ ವೋಲ್ಟಿಗೆ ತಂದು ನಿಲ್ಲಿಸು. ಡಬ್ಬಿ ಬಿಚ್ಚದೆ ಸ್ಕ್ರೂಡ್ರೈವರ್ ಹೋಗುವಂತೆ ಬದಿಯಲ್ಲೊಂದು ತೂತು ಇಡು.

ಆ ತೂತಿನ ನೇರಕ್ಕೆ ಪ್ರೀಸೆಟ್ ಬರುವ ಹೊಸ ಲೇಔಟ್ ಬರೆದು ಹೋದ ವಾರ ವಾಟ್ಸಾಪ್‌ನಲ್ಲಿ ಅಪ್ಪನಿಗೆ ಕಳಿಸಿದೆ. ಎರಡು ದಿನ ಉತ್ತರ ಇಲ್ಲ. ಮೂರನೆಯ ದಿನ ಅವರದೇ ಫೋನ್ ಬಂತು, ಊಟ ಆಯ್ತಾ ಎಂದು ಕೇಳಲೂ ಇಲ್ಲ.

‘ಬೋರ್ಡ್ ಮ್ಯಾಲಿನ ಅಕ್ಷರ ಭಾಳ ಸಣ್ಣವಾಗ್ಯಾವೆ. ರೆಸಿಸ್ಟರ್ ಎಷ್ಟರದು ಅಂತ ನನಗೆ ಕಾಣವಲ್ದು. ಇಲ್ಲಿಗೊಂದು ಬೋರ್ಡ್ ಕಳಿಸ್ತೀಯಲ್ಲ, ದೊಡ್ಡವು ಮಾಡಿ ಕಳಿಸು.’

ಅಕ್ಷರದ ಎತ್ತರ ಒಂದು ಮಿಲಿಮೀಟರ್ ಇತ್ತು. ಎರಡು ಮಾಡಿದೆ. ಈಗ ಒಂದರ ಮೇಲೊಂದು ಬಿದ್ದಿವೆ. ಕೆಪಾಸಿಟರ್ ಎರಡನ್ನು ಎಡಕ್ಕೆ ಸರಿಸಬೇಕು, ಅವು ಸರಿದರೆ ಗ್ರೌಂಡಿನ ರಸ್ತೆ ಮೊದಲಿಂದ ಬರೆಯಬೇಕು. ಈ ಭಾನುವಾರ ಅದೇ ಕೆಲಸ.