ಬೋರ್ಡಿನ ದೀಪ ಉರಿಯುತ್ತದೆ, ಪೋರ್ಟ್ ಮಾತ್ರ ಸಿಗುವುದಿಲ್ಲ

ಪ್ರಶ್ನೆ: ಉಬುಂಟು 22.04 ಇರುವ ಲ್ಯಾಪ್‌ಟಾಪಿಗೆ ಆರ್ಡುಯಿನೊ ಬೋರ್ಡ್ ಚುಚ್ಚಿದರೆ ಪೋರ್ಟ್ ಕಾಣಿಸುವುದಿಲ್ಲ. ಯಾವ ಡ್ರೈವರ್ ಹಾಕಲಿ?

ಉತ್ತರ: ಡ್ರೈವರ್ ಹುಡುಕಿಕೊಂಡು ಅಲೆಯಬೇಡಿ. ಅಗ್ಗದ ಬೋರ್ಡುಗಳಲ್ಲಿ ಸಾಮಾನ್ಯವಾಗಿರುವ ಸಿಎಚ್340 ಚಿಪ್‌ಗೆ ಬೇಕಾದ ಡ್ರೈವರ್ ಲಿನಕ್ಸ್ ಕರ್ನಲ್ ಜೊತೆಗೇ ಬರುತ್ತದೆ. ಬೋರ್ಡ್ ಚುಚ್ಚಿದ ಕೂಡಲೇ ಟರ್ಮಿನಲ್‌ನಲ್ಲಿ 'sudo dmesg' ಕೊಟ್ಟು ಕೊನೆಯ ಸಾಲುಗಳನ್ನು ಓದಿ. ಟಿಟಿವೈಯುಎಸ್‌ಬಿ0 ಎಂಬ ಪೋರ್ಟ್ ಬಂದು ಮರುಕ್ಷಣವೇ ಕಳಚಿಕೊಂಡಿದ್ದು, ನಡುವೆ ಬಿಆರ್‌ಎಲ್‌ಟಿಟಿವೈ ಎಂಬ ಹೆಸರಿದ್ದರೆ ಕಾರಣ ಸಿಕ್ಕಿತು. ಅದು ಅಂಧರು ಬಳಸುವ ಬ್ರೈಲ್ ಸಾಧನಗಳನ್ನು ನಡೆಸುವ ತಂತ್ರಾಂಶ. ಅಂಥ ಕೆಲವು ಸಾಧನಗಳಲ್ಲೂ ಇದೇ ಚಿಪ್, ಇದೇ ಗುರುತಿನ ಸಂಖ್ಯೆ 1ಎ86:7523. ಹಾಗಾಗಿ ಅದು ನಿಮ್ಮ ಬೋರ್ಡನ್ನೂ ತನ್ನದೆಂದು ಹಿಡಿದುಕೊಳ್ಳುತ್ತದೆ.

ಎಷ್ಟೋ ಜನ ಆ ತಂತ್ರಾಂಶವನ್ನೇ ಕಿತ್ತುಹಾಕಿ ಎನ್ನುತ್ತಾರೆ. ನಿಮ್ಮೊಬ್ಬರದೇ ಲ್ಯಾಪ್‌ಟಾಪ್ ಆದರೆ ಸರಿ. ಕಾಲೇಜು ಲ್ಯಾಬಿನದಾದರೆ ದಯವಿಟ್ಟು ಬೇಡ. ಬ್ರೈಲ್ ನಂಬಿ ಬರುವ ವಿದ್ಯಾರ್ಥಿಗೆ ಆ ಕಂಪ್ಯೂಟರಿನ ಬಾಗಿಲೇ ಮುಚ್ಚಿಹೋಗುತ್ತದೆ. ಬದಲಿಗೆ ಬಿಆರ್‌ಎಲ್‌ಟಿಟಿವೈಯ ಯುಡೆವ್ ನಿಯಮಗಳಲ್ಲಿ ಈ ಗುರುತಿನ ಸಂಖ್ಯೆ ಇರುವ ಸಾಲಿನ ಮುಂದಷ್ಟೇ ಹ್ಯಾಶ್ ಗುರುತು ಹಾಕಿ, ಕಂಪ್ಯೂಟರ್ ಮತ್ತೆ ಆನ್ ಮಾಡಿ. ಬೇರೆ ಸಂಖ್ಯೆಯ ಬ್ರೈಲ್ ಸಾಧನಗಳು ಎಂದಿನಂತೆ ನಡೆಯುತ್ತವೆ.

ಪೋರ್ಟ್ ಬಂದ ಮೇಲೂ ಅನುಮತಿ ಇಲ್ಲವೆಂದರೆ ನಿಮ್ಮ ಖಾತೆಯನ್ನು ಡಯಲ್‌ಔಟ್ ಗುಂಪಿಗೆ ಸೇರಿಸಿ, ಲಾಗ್‌ಔಟ್ ಆಗಿ ಮತ್ತೆ ಬನ್ನಿ.