ಹಾಸ್ಟೆಲ್ಲಿಗೆ ಹೊರಟ ಮಕ್ಕಳು ಮತ್ತು ಕಾಮಣಿ



ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲ್ಲೂಕುಗಳ ನಮ್ಮ ವಿದ್ಯಾರ್ಥಿಗಳು ಓದಲು ಊರು ಬಿಟ್ಟು ಹಾಸ್ಟೆಲ್ ಸೇರುತ್ತಿದ್ದಾರೆ. ಪರೀಕ್ಷೆಯ ಹೊತ್ತಿಗೆ ಕಾಮಣಿಯಾಗಿ ವರ್ಷ ಕಳೆದುಕೊಂಡ ಮಕ್ಕಳನ್ನು ಶಿಕ್ಷಕರಾಗಿ ನಾವು ಕಂಡಿದ್ದೇವೆ. ಅದಕ್ಕಾಗಿ ಈ ನಾಲ್ಕು ಮಾತು.

ಹಿಂದೆ ಹೆಪಟೈಟಿಸ್ ಎ ವೈರಾಣು ನಮ್ಮ ದೇಶದ ಹೆಚ್ಚಿನ ಮಕ್ಕಳಿಗೆ ಎಳೆಯ ವಯಸ್ಸಿನಲ್ಲೇ ತಗಲುತ್ತಿತ್ತು. ಬಹುಪಾಲು ಮಕ್ಕಳಲ್ಲಿ ಕಣ್ಣು ಹಳದಿಯಾಗದೆಯೇ ವಾಸಿಯಾಗಿ, ಜೀವನಪೂರ್ತಿ ರೋಗನಿರೋಧಕ ಶಕ್ತಿ ಉಳಿಯುತ್ತಿತ್ತು. ಈಗ ಶೌಚಾಲಯ, ಶುದ್ಧ ನೀರು ಇರುವ ಮನೆಗಳ ಮಕ್ಕಳಿಗೆ ಅದು ಚಿಕ್ಕಂದಿನಲ್ಲಿ ತಗಲುವುದು ಕಡಿಮೆಯಾಗಿದೆ. ಇದು ಒಳ್ಳೆಯದೇ. ಆದರೆ ಹದಿನೆಂಟರ ವಯಸ್ಸಿನಲ್ಲಿ ಮೊದಲ ಸಲ ತಗಲಿದರೆ ಕಾಯಿಲೆ ಜೋರಾಗಿರುತ್ತದೆ. ವಾರಗಟ್ಟಲೆ ಪಾಠ ತಪ್ಪುತ್ತದೆ.

ಹೆಪಟೈಟಿಸ್ ಇ ಕೂಡ ಹೊಲಸು ಬೆರೆತ ನೀರಿನಿಂದಲೇ ಬರುತ್ತದೆ. ಹರೆಯದವರನ್ನು ಹೆಚ್ಚು ಕಾಡುವ ಇದು ಗರ್ಭಿಣಿಯರ ಪ್ರಾಣಕ್ಕೇ ಅಪಾಯ. 2012ರಲ್ಲಿ ನಿಪ್ಪಾಣಿಗೆ ಸಮೀಪದ ಇಚಲಕರಂಜಿಯಲ್ಲಿ ಹರಡಿ ಸಾವಿರಾರು ಜನರನ್ನು ನರಳಿಸಿದ್ದು ಇದೇ.

ಆದ್ದರಿಂದ ಪ್ರವೇಶದ ದಿನವೇ ಹಾಸ್ಟೆಲ್ಲಿನ ನೀರಿನ ಟಾಕಿ ಯಾವಾಗ ತೊಳೆದರೆಂದು ಕೇಳಿರಿ. ಕುದಿಸಿ ಆರಿಸಿದ ನೀರು ಕುಡಿಯಲು, ಊಟಕ್ಕೆ ಮುಂಚೆ ಸಾಬೂನಿನಿಂದ ಕೈ ತೊಳೆಯಲು ಮಕ್ಕಳಿಗೆ ಹೇಳಿರಿ. ಹೆಪಟೈಟಿಸ್ ಎಗೆ ಲಸಿಕೆ ಇದೆ, ವೈದ್ಯರನ್ನು ವಿಚಾರಿಸಿರಿ. ಕಣ್ಣು, ಮೂತ್ರ ಹಳದಿಯಾದರೆ ನಾಟಿ ಔಷಧಿಯೆಂದು ದಿನ ಕಳೆಯದೆ ರಕ್ತ ತಪಾಸಣೆ ಮಾಡಿಸಿರಿ. ಮಂಪರು, ನಿಲ್ಲದ ವಾಂತಿ, ರಕ್ತಸ್ರಾವ ಕಂಡರೆ ಕೂಡಲೇ ಆಸ್ಪತ್ರೆಗೆ ಸೇರಿಸಿರಿ.